ಸ್ವರ್ಗದ ಸಾಲಿಲ್ಲದ ಶಾಸನ

ತುರ್ಕಿಯ ನೈರುತ್ಯ ಭಾಗ, ಹಿಂದಿನ ಲಿಸಿಯಾ ಸೀಮೆ. ಸುಮಾರು 1400 ಮೀಟರ್ ಎತ್ತರದ ಗುಡ್ಡ ಹತ್ತುತ್ತಿದ್ದೀರಿ. ಕಾಲಿಗೆ ಮುಳ್ಳುಪೊದೆ ತೊಡರುತ್ತದೆ. ಏದುಸಿರು ಬಿಡುತ್ತ ಕೋಟೆಗೋಡೆ ದಾಟಿದರೆ ಓಯಿನೋಆಂಡ ಎಂಬ ಹಾಳೂರು. ಮುರಿದ ಕಲ್ಲುಗಳ ನಡುವೆ ಒಂದು ಅಗಲವಾದ ಬಯಲು. ಇಲ್ಲೇ ನಿಲ್ಲಿ. ಇಲ್ಲಿಂದ ಕ್ರಿ.ಶ. 2ನೇ ಶತಮಾನಕ್ಕೆ ಹೋಗೋಣ.

ಉಳಿಯ ಸದ್ದು ಕೇಳುತ್ತಿದೆ. ಕಂಬಸಾಲಿನ ಹಜಾರದ ಗೋಡೆಗೆ ಶಿಲ್ಪಿಗಳು ಅಕ್ಷರ ಕೊರೆಯುತ್ತಿದ್ದಾರೆ. ಹತ್ತಿರ ಬನ್ನಿ. ಬೆರಳಗಲದ ಗ್ರೀಕ್ ಅಕ್ಷರಗಳು, ಪದಗಳ ನಡುವೆ ತೆರಪಿಲ್ಲ, ಪುಟದ ಮಗ್ಗುಲಲ್ಲಿ ಪುಟ ಬಿಡಿಸಿಟ್ಟ ಹಾಗೆ. ಒಂದು ಕಡೆ ಆ ಪುಟಗಳ ಅಡಿಯಲ್ಲಿ ಒಂದೇ ಉದ್ದನೆಯ ಸಾಲು ಕಲ್ಲಿನಿಂದ ಕಲ್ಲಿಗೆ ಸಾಗಿದೆ: ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸನ ಸೂಕ್ತಿಗಳು. ಗೋಡೆ ಮುಗಿದಾಗ ಅಂದಾಜು 80 ಮೀಟರ್ ಉದ್ದ, 25,000 ಪದ.

ಬರೆಸುತ್ತಿರುವವನು ಎಪಿಕ್ಯೂರಸನ ಅನುಯಾಯಿ, ಈ ಊರಿನವನೇ ಆದ ಡಯೋಜೆನಿಸ್. ಪೀಪಾಯಿಯಲ್ಲಿ ಬದುಕಿದವನೆಂಬ ಕಥೆಯ ಡಯೋಜೆನಿಸ್ ಬೇರೆ, ಇವನು ಬೇರೆ. ಇವನಿಗೆ ವಯಸ್ಸಾಗಿದೆ, ಬಾಳಿನ ಸಂಜೆಗೆ ಬಂದಿದ್ದೇನೆ ಎಂದು ಕಲ್ಲಿನಲ್ಲೇ ಹೇಳಿಕೊಂಡಿದ್ದಾನೆ. ದೇಹದೊಡನೆ ಆತ್ಮವೂ ಅಳಿಯುತ್ತದೆ, ಆದ್ದರಿಂದ ಸಾವಿಗೆ ಅಂಜಬೇಕಾಗಿಲ್ಲ ಎನ್ನುವುದು ಅವನ ನಿಲುವು. ಜೀವ ಒಂದು ದೇಹ ಬಿಟ್ಟು ಇನ್ನೊಂದನ್ನು ಸೇರುತ್ತದೆ ಎಂಬ ಹಳೆಯ ತತ್ತ್ವಜ್ಞಾನಿ ಎಂಪಿಡೋಕ್ಲಿಸನ ಮಾತನ್ನು ಖಂಡಿಸುತ್ತಾನೆ. ಹುಸಿ ಭಯಗಳು ಸಾಂಕ್ರಾಮಿಕದಂತೆ ಒಬ್ಬರಿಂದೊಬ್ಬರಿಗೆ ಹರಡುತ್ತಿವೆ, ಒಬ್ಬಿಬ್ಬರಿಗೆ ಹೇಳಿದರೆ ಸಾಲದು. ಅದಕ್ಕೇ ಗೋಡೆಗೆ ಬರೆಸಿದ್ದು. ಇನ್ನೂ ಹುಟ್ಟದವರೂ ತನ್ನವರೇ ಎನ್ನುತ್ತಾನೆ. ಪರದೇಶದವರನ್ನೂ ಹೊರಗಿಡುವುದಿಲ್ಲ, ಅವನ ಕಣ್ಣಿಗೆ ಇಡೀ ಭೂಮಿ ಒಂದೇ ನಾಡು.

ನಮಗೆ ಶಾಸನ ಹೊಸದಲ್ಲ. ನಮ್ಮ ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಕೈಲಾಸ. ದಾನಶಾಸನದ ಕೊನೆಗೆ, ಇದನ್ನು ಅಳಿದವನು ನರಕಕ್ಕೆ ಇಳಿಯಲಿ ಎಂಬ ಶಾಪ. ಆ ಕಲ್ಲುಗಳ ಮುಂದೆ ನಿಂತಾಗಲೆಲ್ಲ ನನ್ನ ಮೈ ನವಿರೇಳುತ್ತದೆ. ಆದರೆ ಈ ಗೋಡೆಗೆ ಮೇಲಿನ ಪಟ್ಟಿಕೆಯೇ ಇಲ್ಲ. ಓದುವವನಿಗೆ ಸ್ವರ್ಗದ ಆಸೆ ತೋರಿಸುವುದಿಲ್ಲ, ನರಕದ ಬೆದರಿಕೆ ಒಡ್ಡುವುದಿಲ್ಲ. ಬರೆಸಿದವನಿಗೂ ಪುಣ್ಯದ ಲೆಕ್ಕವಿಲ್ಲ. ಸತ್ತ ಮೇಲೆ ತಾನು ಎಲ್ಲಿಯೂ ಇರುವುದಿಲ್ಲ ಎಂದು ಖಚಿತವಾಗಿ ನಂಬಿದವನು, ತಾನು ಎಂದೂ ನೋಡದ ಜನರ ನೆಮ್ಮದಿಗಾಗಿ ಹಣ ಸುರಿದ. ಇದಕ್ಕಿಂತ ನಿಚ್ಚಳವಾದ ಔದಾರ್ಯ ನಾನು ಬೇರೆ ಯಾವ ಶಾಸನದಲ್ಲೂ ಕಂಡಿಲ್ಲ. ಪರಲೋಕ ಇಲ್ಲದಿದ್ದರೆ ಒಳ್ಳೆಯದನ್ನು ಯಾಕೆ ಮಾಡಬೇಕು ಎಂದು ಕೇಳುವವರಿಗೆ ನಾನು ಈ ಗೋಡೆಯನ್ನೇ ತೋರಿಸುತ್ತೇನೆ.

ಕಾಲಾಂತರದಲ್ಲಿ ಊರಿನವರೇ ಹಜಾರ ಕಳಚಿ ಕಲ್ಲುಗಳನ್ನು ಬೇರೆ ಕಟ್ಟಡಗಳಿಗೆ ಬಳಸಿಕೊಂಡರು. 1884ರಲ್ಲಿ ಫ್ರೆಂಚ್ ವಿದ್ವಾಂಸರ ಕಣ್ಣಿಗೆ ಮೊದಲ ತುಂಡುಗಳು ಬಿದ್ದವು. 1968ರಿಂದ ಬ್ರಿಟಿಷ್ ವಿದ್ವಾಂಸ ಮಾರ್ಟಿನ್ ಫರ್ಗುಸನ್ ಸ್ಮಿತ್ ದಶಕಗಳ ಕಾಲ ಇದರ ಬೆನ್ನು ಹತ್ತಿದರು. ಇದುವರೆಗೆ ಸಿಕ್ಕಿರುವುದು ಸುಮಾರು 300 ತುಂಡುಗಳು. ಗೋಡೆಯ ಹೆಚ್ಚಿನ ಭಾಗ ಇನ್ನೂ ಸಿಕ್ಕಿಲ್ಲ.