ನರಸಾಪುರದಿಂದ ಟೋಕಿಯೊಗೆ: ದುಡ್ಡು ಹೋಗುವ ದಾರಿ

ಬೆಂಗಳೂರಿನಿಂದ ಹೊಸಕೋಟೆ ದಾಟಿ ಕೋಲಾರದ ಕಡೆ ಹೊರಟರೆ, ಕೋಲಾರ ಇನ್ನೂ ಹದಿನೈದು ಕಿಲೋಮೀಟರು ಇದೆ ಎನ್ನುವಷ್ಟರಲ್ಲಿ ನರಸಾಪುರ ಸಿಗುತ್ತದೆ. ಈ ಊರಿಗೆ ಎರಡು ಮುಖ. ಒಂದು ಕಡೆ ಕೆರೆ, ರಾಗಿ ಹೊಲ, ಟೊಮೆಟೊ ತೋಟ, ಮುಂಜಾನೆ ಡೇರಿಯ ಮುಂದೆ ಹಾಲಿನ ಕ್ಯಾನುಗಳ ಸಾಲು. ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ. 2013ರಿಂದ ಹೋಂಡಾ ಸ್ಕೂಟರುಗಳು ಇಲ್ಲಿಂದ ಹೊರಡುತ್ತಿವೆ. ತೈವಾನಿನ ವಿಸ್ಟ್ರಾನ್ ಕಂಪನಿ ಕಟ್ಟಿದ, 2023ರಲ್ಲಿ ಟಾಟಾದವರು ಕೊಂಡುಕೊಂಡ ಐಫೋನ್ ಕಾರ್ಖಾನೆ ಇರುವುದೂ ಇಲ್ಲಿಯೇ. ಪಾಳಿ ಬದಲಾಗುವ ಹೊತ್ತಿಗೆ ಬಸ್ಸುಗಳ ಸಾಲು ನೋಡಿದರೆ ಜಾತ್ರೆ ಬಿಟ್ಟಂತೆ ಇರುತ್ತದೆ. ವರ್ಷಗಟ್ಟಲೆ ಬಾಯಿಬಿಟ್ಟುಕೊಂಡಿದ್ದ ಕೆರೆಗೂ 2018ರಲ್ಲಿ ದೂರದ ನೀರೇ ಬಂತು: ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಮೊದಲು ಲಕ್ಷ್ಮೀಸಾಗರ ಕೆರೆ ಸೇರಿ, ಅಲ್ಲಿಂದ ಮುಂದಕ್ಕೆ ಹರಿಯಿತು.

ಹೀಗೆ ಎಲ್ಲಿಂದಲೋ ನೀರು ಬರುವ, ಎಲ್ಲಿಗೋ ಫೋನು ಹೋಗುವ ಊರು ನಮ್ಮದು. ಇಲ್ಲಿ ಜೋಡಿಸಿದ ಫೋನನ್ನು ಯಾವ ದೇಶಕ್ಕೆ ಒಯ್ದರೂ ಅದು ಬೆಳಗುತ್ತದೆ. ಆದರೆ ಅದರೊಳಗೆ ಇರುವ ನಮ್ಮ ದುಡ್ಡು? ಇಡ್ಲಿ ಅಂಗಡಿಯಲ್ಲಿ ಟಿಂಗ್ ಎಂದು ದಾಟುವ ಆ ದುಡ್ಡು ದೇವನಹಳ್ಳಿಯಲ್ಲಿ ವಿಮಾನ ಹತ್ತಿದ ಮೇಲೆ ಬಹುಪಾಲು ಕಡೆ ಮೂಕವಾಗುತ್ತದೆ. ಅದಕ್ಕೆ ಬಾಯಿ ಬರಬೇಕಾದರೆ ಇಲ್ಲಿಂದಲೇ ತಯಾರಿ ಮಾಡಿಕೊಂಡು ಹೋಗಬೇಕು.

ಈ ತಯಾರಿಯ ಕಷ್ಟಸುಖ ನನಗೆ ಗೊತ್ತಾಗಿದ್ದು ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಮತ್ತು ಅವರ ಪತ್ನಿ ಜಪಾನಿಗೆ ಹೊರಟಾಗ. ಮಗಳು ಟೋಕಿಯೊ ಪಕ್ಕದ ಊರಲ್ಲಿ ಎಂಜಿನಿಯರು. ಒಂದು ತಿಂಗಳು ಇದ್ದು ಬನ್ನಿ ಎಂದು ಕರೆದಿದ್ದಳು. "ದುಡ್ಡಿನ ಚಿಂತೆ ಬೇಡ, ನಾನಿಲ್ಲವಾ" ಎಂದೂ ಹೇಳಿದ್ದಳು. ಅದನ್ನು ಒಪ್ಪದವರು ಮೇಷ್ಟ್ರಲ್ಲ, ಅಮ್ಮನವರು. "ಮಗಳ ಮನೆಯಾದರೂ ಅಷ್ಟೇ, ಒಂದು ಸೌತೆಕಾಯಿ ಕೊಳ್ಳೋಕೆ ಅವಳ ಮುಂದೆ ಕೈ ಚಾಚಬೇಕಾ?" ಎಂದರು. ನನಗೆ ಅವರ ಮಾತೇ ಸರಿ ಎನ್ನಿಸಿತು.

ಮೊದಲ ಪ್ರಶ್ನೆ, ಜಪಾನಿನ ಯೆನ್ ನೋಟು ಎಲ್ಲಿ ಸಿಗುತ್ತದೆ? ಊರಿನ ಬ್ಯಾಂಕಿನಲ್ಲಿ ಕೇಳಿದರೆ ಕೋಲಾರ ಎಂದರು, ಕೋಲಾರದಲ್ಲಿ ಬೆಂಗಳೂರು ಎಂದರು. ಇದರಲ್ಲಿ ಯಾರ ತಪ್ಪೂ ಇಲ್ಲ. ವಿದೇಶಿ ನೋಟು ಮಾರಲು ರಿಸರ್ವ್ ಬ್ಯಾಂಕಿನ ಪರವಾನಗಿ ಬೇಕು. ಪರವಾನಗಿ ಇದ್ದ ಬ್ಯಾಂಕಿನ ಎಲ್ಲ ಶಾಖೆಗಳಲ್ಲೂ ನೋಟಿನ ದಾಸ್ತಾನು ಇರುವುದಿಲ್ಲ. ಡಾಲರಾದರೂ ಬೇಗ ಸಿಕ್ಕೀತು, ಯೆನ್‌ಗೆ ಮೊದಲೇ ಹೇಳಿಡಬೇಕು. ಹಾಗಾಗಿ ಹೊರಡುವ ಹಿಂದಿನ ದಿನ ನೋಡೋಣ ಎನ್ನುವ ಕೆಲಸ ಇದಲ್ಲ. ವಿಮಾನ ನಿಲ್ದಾಣದಲ್ಲೂ ಸಿಗುತ್ತದೆ ನಿಜ, ಆದರೆ ಅಲ್ಲಿನ ದರ ಸಾಮಾನ್ಯವಾಗಿ ದುಬಾರಿ. ಕೊಳ್ಳುವಾಗ ಒಂದು ದರ, ಮಾರುವಾಗ ಇನ್ನೊಂದು ದರ. ನಡುವಿನ ಅಂತರವೇ ಅಂಗಡಿಯವರ ಲಾಭ. ನಮ್ಮ ಟೊಮೆಟೊ ಮಂಡಿಯ ವ್ಯವಹಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿಗೆ ಹೋಗುವಾಗ ಪಾಸ್‌ಪೋರ್ಟು, ವೀಸಾ, ಟಿಕೆಟ್ಟು, ಪ್ಯಾನ್ ಕಾರ್ಡು ಎಲ್ಲವೂ ಕೈಯಲ್ಲಿರಬೇಕು. ಯಾತಕ್ಕಾಗಿ ಹಣ ಒಯ್ಯುತ್ತಿದ್ದೇವೆ ಎಂದು ಎ-2 ಎಂಬ ಅರ್ಜಿಯಲ್ಲಿ ಬರೆದುಕೊಡಬೇಕು. ಮೇಷ್ಟ್ರು ರೊಕ್ಕದ ಕಟ್ಟನ್ನೇ ಚೀಲದಲ್ಲಿಟ್ಟುಕೊಂಡು ಹೊರಟಿದ್ದರು. ಆದರೆ ಒಂದು ಪ್ರಯಾಣಕ್ಕೆ ಕೊಳ್ಳುವ ವಿದೇಶಿ ಹಣ 50,000 ರೂಪಾಯಿ ದಾಟಿದರೆ ನಗದು ಕೊಡುವ ಹಾಗಿಲ್ಲ, ಚೆಕ್ಕು ಅಥವಾ ಕಾರ್ಡಿನಿಂದಲೇ ಕೊಡಬೇಕು. ಒಯ್ಯುವುದಕ್ಕೂ ಮಿತಿ ಇದೆ. ಬಹುತೇಕ ದೇಶಗಳಿಗೆ ಒಬ್ಬರು ಒಂದು ಸಲ ನೋಟಿನ ರೂಪದಲ್ಲಿ ಒಯ್ಯಬಹುದಾದದ್ದು 3,000 ಡಾಲರ್ ಬೆಲೆಯಷ್ಟು. ಉಳಿದದ್ದು ಕಾರ್ಡಿನಲ್ಲಿ ಹೋಗಬೇಕು. ನಮ್ಮ ರೂಪಾಯಿ ನೋಟುಗಳನ್ನು 25,000ದವರೆಗೆ ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ವಾಪಸು ಬಂದಾಗ ಟ್ಯಾಕ್ಸಿಗೆ, ಕಾಫಿಗೆ ಬೇಕಲ್ಲ!

ಮಕ್ಕಳೇ, ನಿಮ್ಮ ಅಜ್ಜಂದಿರ ಕಾಲದಲ್ಲಿ ಇದು ಇಷ್ಟು ಸಲೀಸಾಗಿರಲಿಲ್ಲ. 1960–70ರ ದಶಕಗಳಲ್ಲಿ ಓದಲು ಅಮೆರಿಕಕ್ಕೆ ಹೋದವರನ್ನು ಕೇಳಿ ನೋಡಿ. ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ಇಳಿದ ಕಥೆ ಹೇಳುತ್ತಾರೆ. ದೇಶದಲ್ಲಿ ವಿದೇಶಿ ಹಣದ ಬರ ಅಷ್ಟಿತ್ತು. 1991ರಲ್ಲಂತೂ ಸರ್ಕಾರವೇ ಹೊರಗಿನ ಪಾವತಿಗೆ ದುಡ್ಡಿಲ್ಲದೆ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡವಿಟ್ಟಿತು. ಆಮೇಲೆ ಕಾಲ ತಿರುಗಿತು. 2004ರಲ್ಲಿ ರಿಸರ್ವ್ ಬ್ಯಾಂಕು ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರ್ ಹೊರಗೆ ಒಯ್ಯಬಹುದು ಎಂದಿತು. ಈಗ ಆ ಮಿತಿ 2,50,000 ಡಾಲರ್. ಮಿತಿ ತಲೆಗೆ ಇಷ್ಟು ಎಂಬ ಲೆಕ್ಕ, ಮನೆಗೆ ಇಷ್ಟು ಎಂದಲ್ಲ. ಚಿಕ್ಕ ಮಕ್ಕಳಿಗೂ ಅದು ಪ್ರತ್ಯೇಕವಾಗಿಯೇ ಇದೆ, ಪೋಷಕರು ಸಹಿ ಹಾಕುತ್ತಾರೆ ಅಷ್ಟೆ. (ಇಷ್ಟು ದೊಡ್ಡ ಮೊತ್ತ ನಮ್ಮ ಬೀದಿಯಲ್ಲಿ ಯಾರಿಗೂ ಬೇಕಾಗಿಲ್ಲ ಬಿಡಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕೇ ಒಂದಿಷ್ಟು ತೆರಿಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಆದಾಯ ತೆರಿಗೆ ಲೆಕ್ಕದಲ್ಲಿ ಅದನ್ನು ಸರಿದೂಗಿಸಿಕೊಳ್ಳಬಹುದು.)

ಪರವೂರಿನಲ್ಲಿ ಸ್ವಂತ ದುಡ್ಡು ಸಿಗುವಂತೆ ಮಾಡುವುದು ಹೇಗೆ ಎಂಬ ತಲೆನೋವು ಬಹಳ ಹಳೆಯದು. 1772ರಷ್ಟು ಹಿಂದೆಯೇ ಲಂಡನ್ನಿನ ಒಂದು ಕಂಪನಿ ಯೂರೋಪಿನ 90 ನಗರಗಳಲ್ಲಿ ನಗದಾಗುವ ಚೀಟಿಗಳನ್ನು ಹೊರಡಿಸಿತ್ತು. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಅಧ್ಯಕ್ಷ ಜೇಮ್ಸ್ ಫಾರ್ಗೊ ಯೂರೋಪಿಗೆ ಪ್ರವಾಸ ಹೋದಾಗ ದೊಡ್ಡ ನಗರಗಳನ್ನು ಬಿಟ್ಟರೆ ಬೇರೆಲ್ಲೂ ಅವನ ಸಾಲಪತ್ರಕ್ಕೆ ಕಿಮ್ಮತ್ತು ಸಿಗಲಿಲ್ಲ. ಅವನು ಸಿಟ್ಟಿನಿಂದ ಊರಿಗೆ ಮರಳಿದ. ಅದರ ಫಲವಾಗಿ 1891ರಲ್ಲಿ ಆ ಕಂಪನಿಯ ಟ್ರಾವೆಲರ್ಸ್ ಚೆಕ್ ಹುಟ್ಟಿತು. ಕೊಳ್ಳುವಾಗ ಒಂದು ಸಹಿ, ಖರ್ಚು ಮಾಡುವಾಗ ಇನ್ನೊಂದು ಸಹಿ. ಎರಡೂ ಹೊಂದಿದರೆ ದುಡ್ಡು. ಕಳೆದುಹೋದರೆ ಬೇರೆ ಕೊಡುತ್ತಿದ್ದರು. ಇವತ್ತು ಆ ಜಾಗದಲ್ಲಿ ಕಾರ್ಡು ಕೂತಿದೆ, ಎರಡನೆಯ ಸಹಿಯ ಬದಲು ಪಿನ್ ಮತ್ತು ಒಟಿಪಿ ಬಂದಿವೆ. ಹಳ್ಳಿಯಿಂದ ಹೋಗುವವರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ.

ಒಂದು ಉದಾಹರಣೆ ಹೇಳುತ್ತೇನೆ. ಮೇಷ್ಟ್ರ ಬಳಿ ಪಿಂಚಣಿ ಖಾತೆಯ ಕಾರ್ಡು ಇತ್ತು. ಅದು ಜಪಾನಿನಲ್ಲಿ ನಡೆಯುತ್ತದೆ ಎಂದೇ ಅವರು ನಂಬಿದ್ದರು. 2020ರಿಂದ ಹೊಸ ಕಾರ್ಡುಗಳೆಲ್ಲ ದೇಶದೊಳಗಿನ ಬಳಕೆಗೆ ಮಾತ್ರ ತೆರೆದುಕೊಂಡು ಬರುತ್ತವೆ. ಹೊರದೇಶದ ಬಾಗಿಲನ್ನು ಖಾತೆದಾರರೇ ಆ್ಯಪ್‌ನಲ್ಲೋ ಎಟಿಎಂನಲ್ಲೋ ಶಾಖೆಯಲ್ಲೋ ತೆರೆಸಿಕೊಳ್ಳಬೇಕು. ಕಳ್ಳರ ಕಾಟ ತಪ್ಪಿಸಲು ರಿಸರ್ವ್ ಬ್ಯಾಂಕು ಮಾಡಿದ ಒಳ್ಳೆಯ ನಿಯಮವೇ ಇದು. ಆದರೆ ಗೊತ್ತಿಲ್ಲದವರಿಗೆ ಟೋಕಿಯೊದ ಯಂತ್ರದ ಮುಂದೆ ನಿಂತಾಗಲೇ ಗೊತ್ತಾಗುವುದು. ಇನ್ನು ಕೆಲವು ಕಾರ್ಡುಗಳಿಗೆ ಆ ಬಾಗಿಲೇ ಇರುವುದಿಲ್ಲ. ಹಳ್ಳಿ ಖಾತೆಗಳಿಗೆ ಕೊಡುವ ಅನೇಕ ರೂಪೇ ಕಾರ್ಡುಗಳು ದೇಶದ ಗಡಿಯೊಳಗೆ ಮಾತ್ರ ನಡೆಯುತ್ತವೆ. ಮೇಷ್ಟ್ರದ್ದೂ ಅಂಥದ್ದೇ. ಬೇರೆ ಕಾರ್ಡು ಅಂಚೆಯಲ್ಲಿ ಬಂದು, ಪಿನ್ ಹೊಂದಿಸಿಕೊಳ್ಳುವಷ್ಟರಲ್ಲಿ ಮೂರು ವಾರ ಹಿಡಿಯಿತು.

ಒಟಿಪಿಯದು ಇನ್ನೊಂದು ಕಥೆ. ಅದು ಬರುವುದು ಬ್ಯಾಂಕಿಗೆ ಕೊಟ್ಟ ನಂಬರಿಗೆ. ವಿದೇಶದಲ್ಲಿ ಇಳಿದ ಕೂಡಲೇ ನಮ್ಮ ಸಿಮ್ ತೆಗೆದು ಅಲ್ಲಿನ ಸಿಮ್ ಹಾಕಿಕೊಂಡರೆ ಒಟಿಪಿ ಗಾಳಿಯಲ್ಲೇ ಉಳಿಯಿತು. ಎರಡು ಸಿಮ್ ಹಿಡಿಯುವ ಫೋನಾದರೆ ಊರಿನದ್ದನ್ನು ಹಾಗೆಯೇ ಬಿಟ್ಟು, ರೋಮಿಂಗ್ ತೆರೆಸಿಕೊಂಡು ಹೋಗಬೇಕು. ನಮ್ಮ ಕಡೆ ಇನ್ನೊಂದು ರೂಢಿಯಿದೆ. ಅಪ್ಪನ ಖಾತೆಗೆ ಮಗನ ನಂಬರು, ಅತ್ತೆಯ ಖಾತೆಗೆ ಅಳಿಯನ ನಂಬರು. ಹೊರಡುವ ಮೊದಲು ಅದನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಕಾರ್ಡು ನಡೆದರೂ ಪುಕ್ಕಟೆ ನಡೆಯುವುದಿಲ್ಲ. ಅನೇಕ ಕಾರ್ಡುಗಳು ವಿದೇಶಿ ಖರ್ಚಿನ ಮೇಲೆ ಶೇ 3.5ರವರೆಗೆ ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. 20,000 ರೂಪಾಯಿಯ ಖರ್ಚಿಗೆ 700, ಅದರ ಮೇಲೆ 126. ಒಟ್ಟು 826 ರೂಪಾಯಿ. ಮೊದಲೇ ಯೆನ್ ತುಂಬಿಸಿದ ಪ್ರಯಾಣದ ಕಾರ್ಡಿನಲ್ಲಿ ಈ ಕಾಟ ಇಲ್ಲ, ತುಂಬಿಸಿದ ದಿನದ ದರವೇ ಕೊನೆತನಕ. ಇನ್ನೊಂದು ಸಣ್ಣ ಬಲೆ ಇದೆ. ಅಲ್ಲಿನ ಯಂತ್ರ ಒಮ್ಮೊಮ್ಮೆ ಬಹಳ ವಿನಯದಿಂದ "ರೂಪಾಯಿಯಲ್ಲಿ ಕೊಡುತ್ತೀರೋ, ಯೆನ್‌ನಲ್ಲೋ?" ಎಂದು ಕೇಳುತ್ತದೆ. ಪರದೇಶದಲ್ಲಿ ರೂಪಾಯಿಯ ಹೆಸರು ಕಂಡು ಕರಗಬೇಡಿ. ರೂಪಾಯಿ ಎಂದರೆ ದರ ಅವರದು, ಹೆಚ್ಚಿನ ಸಲ ನಷ್ಟ ನಮ್ಮದು. ಆ ದೇಶದ ಹಣವನ್ನೇ ಒತ್ತಿ.

ಇಷ್ಟೆಲ್ಲ ಮುಗಿದ ಮೇಲೆ ಅಮ್ಮನವರು ಒಂದು ಪ್ರಶ್ನೆ ಕೇಳಿದರು. "ಇವೆಲ್ಲ ಇವರ ಹೆಸರಲ್ಲಿದೆ. ಇವರಿಗೆ ಏನಾದರೂ ಆದರೆ ನಾನೇನು ಮಾಡಲಿ?" ಮೇಷ್ಟ್ರು ನಕ್ಕರು, ಅವರು ನಗಲಿಲ್ಲ. ನಾಲ್ಕು ಎಮ್ಮೆ ಕಟ್ಟಿ, ಡೇರಿಯ ದುಡ್ಡಿನಲ್ಲಿ ಮಗಳನ್ನು ಓದಿಸಿದ ಹೆಂಗಸು ಅವರು. ಹಾಲಿನ ದುಡ್ಡು ಅವರ ಖಾತೆಗೇ ಬರುತ್ತಿತ್ತು, ಆದರೆ ಅವರು ಜೀವನದಲ್ಲಿ ಒಮ್ಮೆಯೂ ಎಟಿಎಂನ ಗುಂಡಿ ಒತ್ತಿರಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಪ್ರವಾಸದ ದುಡ್ಡೆಲ್ಲ ಒಬ್ಬರ ಜೇಬಿನಲ್ಲೇ ಇರುತ್ತದೆ, ಉಳಿದವರು ಆ ಜೇಬನ್ನು ಹಿಂಬಾಲಿಸುತ್ತಾರೆ. ಊರಿನಲ್ಲಾದರೆ ನಡೆದೀತು, ಪಕ್ಕದ ಮನೆಯವರು ಇರುತ್ತಾರೆ.

ಅವರ ಹೆಸರಿನಲ್ಲಿ ಬೇರೆಯೇ ಪ್ರಯಾಣದ ಕಾರ್ಡು ಮಾಡಿಸಿದ್ದಾಯಿತು. ಅವರ ಹಳೆಯ ಕಾರ್ಡಿನಿಂದ ನರಸಾಪುರದ ಎಟಿಎಂನಲ್ಲೇ ನಾಲ್ಕು ದಿನ ಅಭ್ಯಾಸ ನಡೆಯಿತು. ದಿನಕ್ಕೆ ಐನೂರು ರೂಪಾಯಿ ತೆಗೆಯುವುದು, ಚೀಟಿ ಓದುವುದು. ಪಿನ್ ಎಲ್ಲೂ ಬರೆಯಬಾರದು ಎಂದಾಗ, "ನನ್ನ ಎಮ್ಮೆಗಳ ಲೆಕ್ಕ ಬರೆದಿಟ್ಟಿದ್ದೀನಾ?" ಎಂದರು. ಕಾರ್ಡು ಕಳೆದರೆ ಕರೆ ಮಾಡಬೇಕಾದ ಬ್ಯಾಂಕಿನ ನಂಬರನ್ನು ಮಾತ್ರ ಫೋನಿನಲ್ಲಲ್ಲದೆ ಕಾಗದದಲ್ಲೂ ಬರೆದು, ಒಂದನ್ನು ಸೂಟ್‌ಕೇಸಿನಲ್ಲಿ, ಇನ್ನೊಂದನ್ನು ಊರಿನ ಮನೆಯಲ್ಲಿ ಇಟ್ಟರು.

ಬಳೆಗಳ ವಿಚಾರವೂ ಬಂತು. ಕಷ್ಟಕ್ಕೆ ಚಿನ್ನವಿದ್ದರೆ ಸಾಕು ಎನ್ನುವುದು ನಮ್ಮ ಹಿರಿಯರ ಲೆಕ್ಕ, ಅದರಲ್ಲೂ ಚಿನ್ನದ ಗಣಿಯ ಜಿಲ್ಲೆಯವರಿಗೆ. ಆದರೆ ಗೊತ್ತಿಲ್ಲದ ಊರಲ್ಲಿ ಬಳೆ ಮಾರಲು ಹೊರಡುವುದು ದೊಡ್ಡ ಫಜೀತಿ. ಒಯ್ಯಲೇಬೇಕೆಂದರೆ ಹೋಗುವಾಗಲೇ ಕಸ್ಟಮ್ಸ್‌ನವರಿಂದ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು, ಇಲ್ಲವಾದರೆ ಮರಳುವಾಗ ಅದು ನಮ್ಮದೇ ಎಂದು ಸಾಬೀತು ಮಾಡುವ ಪಾಡು. ಅಮ್ಮನವರು ಎರಡೇ ಬಳೆ ಹಾಕಿಕೊಂಡು, ಉಳಿದದ್ದನ್ನು ಲಾಕರಿನಲ್ಲಿಟ್ಟರು.

ಯುಪಿಐ ನಡೆಯುವುದೇ ಇಲ್ಲ ಎಂದಲ್ಲ. 2021ರಲ್ಲಿ ಭೂತಾನ್, 2024ರ ಫೆಬ್ರುವರಿಯಲ್ಲಿ ಶ್ರೀಲಂಕಾ ಮತ್ತು ಮಾರಿಷಸ್ ಸೇರಿದವು. ಪ್ಯಾರಿಸಿನ ಐಫೆಲ್ ಗೋಪುರದ ಟಿಕೆಟ್ಟಿಗೂ ಆ ತಿಂಗಳೇ ಬಂತು. ಹೋಗುವ ದೇಶದಲ್ಲಿ, ನಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಅದು ತೆರೆದಿದೆಯೇ ಎಂದು ನೋಡಿಕೊಂಡರಾಯಿತು. ಅದೊಂದನ್ನೇ ನಂಬಿ ಹೊರಡುವುದು ಮಾತ್ರ ಸಲ್ಲ.

ಜಪಾನಿನಲ್ಲಿ ಬುಲೆಟ್ ರೈಲು ಓಡುತ್ತದೆ, ಆದರೂ ಸಣ್ಣ ಹೋಟೆಲುಗಳಲ್ಲಿ, ದೇವಾಲಯಗಳಲ್ಲಿ ಇವತ್ತಿಗೂ ನೋಟು, ನಾಣ್ಯವೇ ಬೇಕಾಗುತ್ತದೆ. ಬೀದಿಬೀದಿಗೂ ಇರುವ ಸೆವೆನ್-ಇಲೆವೆನ್ ಅಂಗಡಿಯ ಎಟಿಎಂ ವಿದೇಶಿ ಕಾರ್ಡನ್ನು ಒಪ್ಪುತ್ತದೆ. ಹತ್ತನೆಯ ದಿನವೋ ಏನೋ, ಮಗಳು ಕೆಲಸದ ಮೇಲೆ ಒಸಾಕಾಗೆ ಹೋಗಿದ್ದಾಗ ಮೇಷ್ಟ್ರಿಗೆ ಹೊಟ್ಟೆನೋವು ಬಂತು. ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಮುಂಗಡ ಕಟ್ಟಬೇಕಾಗಿತ್ತು, ನೋವಿನಲ್ಲಿ ಮೇಷ್ಟ್ರಿಗೆ ಪಿನ್ ನೆನಪಾಗಲಿಲ್ಲ. ಅಮ್ಮನವರು ಎದುರಿನ ಅಂಗಡಿಗೆ ನಡೆದು ಹೋಗಿ, ತಮ್ಮ ಕಾರ್ಡು ಹಾಕಿ, ಯೆನ್ ಎಣಿಸಿಕೊಂಡು ಬಂದು ಕಟ್ಟಿದರು. ಮೂತ್ರಪಿಂಡದ ಸಣ್ಣ ಕಲ್ಲು, ಎರಡು ದಿನಕ್ಕೆ ಮನೆಗೆ ಬಂದರು. ರಸೀತಿಗಳನ್ನೆಲ್ಲ ಜೋಪಾನ ಮಾಡಿದ್ದರಿಂದ ಊರಿಗೆ ಬಂದ ಮೇಲೆ ಪ್ರವಾಸ ವಿಮೆಯವರು ಹೆಚ್ಚಿನ ಪಾಲು ಕೊಟ್ಟರು. ಈ ಕಥೆಯನ್ನು ಹೇಳುವಾಗ ಅಮ್ಮನವರು ಕಲ್ಲಿನ ಬಗ್ಗೆ ಒಂದು ಮಾತು ಹೇಳಿದರೆ ಆ ಯಂತ್ರದ ಬಗ್ಗೆ ಹತ್ತು ಮಾತು ಹೇಳುತ್ತಾರೆ.

ಮರಳಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಮಿಕ್ಕ ವಿದೇಶಿ ನೋಟುಗಳಲ್ಲಿ 2,000 ಡಾಲರ್ ಬೆಲೆಯಷ್ಟನ್ನು ಮುಂದಿನ ಪ್ರವಾಸಕ್ಕೆಂದು ಇಟ್ಟುಕೊಳ್ಳಬಹುದು. ಹೆಚ್ಚಿನದನ್ನು 180 ದಿನದೊಳಗೆ ಬ್ಯಾಂಕಿಗೆ ಮರಳಿಸಬೇಕು. ನಾಣ್ಯಗಳಿಗೆ ಮಿತಿಯೇ ಇಲ್ಲ, ಹಣ ಬದಲಿಸುವವರು ಸಾಮಾನ್ಯವಾಗಿ ಅವನ್ನು ಕೊಳ್ಳುವುದೂ ಇಲ್ಲ. ಹಾಗಾಗಿ ಅಮ್ಮನವರು ಒಂದು ಮುಷ್ಟಿ ನಾಣ್ಯ ತಂದು ನಮ್ಮ ಬೀದಿಯ ಮಕ್ಕಳಿಗೆ ಹಂಚಿದರು. ಮಕ್ಕಳಿಗೆ ಇಷ್ಟವಾಗಿದ್ದು ನಡುವೆ ತೂತು ಇರುವ ಐದು ಯೆನ್ನಿನ ಹಿತ್ತಾಳೆ ನಾಣ್ಯ. ಅದರ ಮೇಲೆ ಬಾಗಿದ ಒಂದು ಭತ್ತದ ತೆನೆ, ಕೆಳಗೆ ನೀರಿನ ಗೆರೆಗಳು, ತೂತಿನ ಸುತ್ತ ಕಾರ್ಖಾನೆಯ ಹಲ್ಲುಚಕ್ರ ಇದೆ. ಆರನೇ ತರಗತಿಯ ಹುಡುಗಿಯೊಬ್ಬಳು ಅದನ್ನು ದಾರಕ್ಕೆ ಪೋಣಿಸಿ ಶಾಲೆಯ ಚೀಲಕ್ಕೆ ಕಟ್ಟಿಕೊಂಡಿದ್ದಾಳೆ. ಇದು ಯಾವ ಊರಿನದು ಎಂದು ಕೇಳಿದರೆ ಒಮ್ಮೆ ಜಪಾನ್ ಎನ್ನುತ್ತಾಳೆ, ಒಮ್ಮೆ ನರಸಾಪುರ ಎನ್ನುತ್ತಾಳೆ.