ಕಂಜಮಲೈ ಕಬ್ಬಿಣ, ಇಂಗ್ಲೆಂಡಿನ ಕಂಬಿ

ಸೇಲಂ ಪೇಟೆಯ ಗದ್ದಲ ಹಿಂದೆ ಉಳಿದಿದೆ. ಎದುರಿಗೆ ಕಂಜಮಲೈ. ಕಾಲ 1830ರ ದಶಕದ ಮೊದಲ ವರ್ಷಗಳು. ಮಳೆಗಾಲದ ತೊರೆಗಳು ಬೆಟ್ಟದಿಂದ ಎಳೆದು ತಂದ ಕಪ್ಪು ಮರಳು ಹಳ್ಳದ ಅಂಚಿನಲ್ಲಿ ಪದರ ಪದರವಾಗಿ ಬಿದ್ದಿದೆ. ಅದನ್ನು ಬಾಚಿ, ನೀರಿನಲ್ಲಿ ಜಾಲಿಸಿ, ಹಗುರ ಮಣ್ಣನ್ನು ಹರಿಯಬಿಟ್ಟರೆ ತಳದಲ್ಲಿ ಉಳಿಯುವುದೇ ಅದಿರು.

ಕುಲುಮೆಯ ಹತ್ತಿರ ಬನ್ನಿ. ಮಣ್ಣಿನದು, ಆಳೆತ್ತರವೂ ಇಲ್ಲ. ಮೇಕೆ ತೊಗಲಿನ ಎರಡು ತಿದಿಗಳನ್ನು ಒಂದಾದ ಮೇಲೊಂದರಂತೆ ಒತ್ತುತ್ತಿದ್ದಾರೆ, ಗಾಳಿ ಒಂದು ಕ್ಷಣವೂ ಕಡಿಯುವುದಿಲ್ಲ. ಇಲ್ಲಿಂದ ತೆಗೆದ ಕಬ್ಬಿಣವನ್ನು ಬಡಿದು, ತುಂಡು ಮಾಡಿ ಮಣ್ಣಿನ ಮೂಸೆಗೆ ಹಾಕುತ್ತಾರೆ. ಜೊತೆಗೆ ಸಣ್ಣಗೆ ಕೊಚ್ಚಿದ ಒಣ ತಂಗಡಿ ಕಟ್ಟಿಗೆ. ಮೇಲೆ ಒಂದೆರಡು ಎಕ್ಕದ ಎಲೆ ಹೊದಿಸಿ, ನಾದಿದ ಜೇಡಿಮಣ್ಣಿನಿಂದ ಬಾಯಿ ಮುಚ್ಚುತ್ತಾರೆ. ಮಣ್ಣು ಒಣಗಿದ ಮೇಲೆ 20-24 ಮೂಸೆಗಳನ್ನು ಕಮಾನಿನಂತೆ ಜೋಡಿಸಿ, ಇದ್ದಿಲು ಸುರಿದು, ಸುಮಾರು ಎರಡೂವರೆ ಗಂಟೆ ತಿದಿ ಒತ್ತುತ್ತಾರೆ. ಆರಿದ ಮೂಸೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ. ಎಷ್ಟು ಕಟ್ಟಿಗೆ, ಎಷ್ಟು ಎಲೆ, ಎಷ್ಟು ಹೊತ್ತು ಎಂಬ ಲೆಕ್ಕ ಕೈಯಿಂದ ಕೈಗೆ ಬಂದದ್ದು.

ಇದನ್ನೆಲ್ಲ ಕಣ್ಣಿಟ್ಟು ನೋಡಿ ಬರೆದವನು ಜೊಸಾಯ ಮಾರ್ಷಲ್ ಹೀತ್. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇವೆಯಲ್ಲಿದ್ದವನು, ಅದನ್ನು ಬಿಟ್ಟು ಕಬ್ಬಿಣದ ಹಿಂದೆ ಬಿದ್ದ. ಅವನ ಕಣ್ಣು ಇಂಗ್ಲೆಂಡಿನ ಉಕ್ಕಿನ ಊರು ಶೆಫೀಲ್ಡಿನ ಮೇಲಿತ್ತು. ಕಲ್ಲಿದ್ದಲಿನಲ್ಲಿ ಕರಗಿಸಿದ ಇಂಗ್ಲೆಂಡಿನ ಕಬ್ಬಿಣದಲ್ಲಿ ಗಂಧಕ, ರಂಜಕದ ಕಲ್ಮಶ ಉಳಿಯುತ್ತಿತ್ತು. ಹಾಗಾಗಿ ಒಳ್ಳೆಯ ಉಕ್ಕಿಗೆ ಶೆಫೀಲ್ಡಿನವರು ಇದ್ದಿಲಿನ ಕಬ್ಬಿಣವನ್ನು ಸ್ವೀಡನ್ನಿನಿಂದ ತರಿಸಿಕೊಳ್ಳಬೇಕಿತ್ತು. ಸೇಲಂ ಕಬ್ಬಿಣ ಆ ಜಾಗ ತುಂಬಬಲ್ಲದು ಎಂಬುದು ಹೀತನ ನಂಬಿಕೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬೆಳೆಯುವ ಕೈಗಾರಿಕೆಗೆ ಕಚ್ಚಾ ಮಾಲು ಬೇಕು, ಅದಕ್ಕೇ ಕಡಲಾಚೆಯ ಸಾಮ್ರಾಜ್ಯ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಶೆಫೀಲ್ಡಿನವರು ಸ್ವೀಡನ್ನನ್ನು ಗೆದ್ದಿರಲಿಲ್ಲ. ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಅದಿರು ಬೇಕೆಂದರೆ ವ್ಯಾಪಾರವೇ ಸಾಕು. ವ್ಯಾಪಾರದಿಂದ ದಕ್ಕದೆ ಆಳ್ವಿಕೆಯಿಂದ ಮಾತ್ರ ದಕ್ಕುವುದು ಏನು? ಅದಕ್ಕೆ ಉತ್ತರ ಸೇಲಂ ಪಕ್ಕದ ಧರ್ಮಪುರಿಯ ಹೊಲಗಳಲ್ಲಿದೆ.

ನಲವತ್ತು ವರ್ಷ ಹಿಂದೆ ಹೋಗೋಣ. 1792. ಈ ಸೀಮೆ ಮೈಸೂರಿನದಾಗಿತ್ತು. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ತೆರಲು ಒಪ್ಪಿದ. ಧರ್ಮಪುರಿ ಸೇರಿದ್ದ ಬಾರಾಮಹಲ್ ಮತ್ತು ಸೇಲಂ ಕಂಪನಿಯ ಪಾಲಾದವು. ಬಂದ ಕಲೆಕ್ಟರ್ ಸೈನ್ಯದ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್. ಅವನ ಸಹಾಯಕನಾಗಿ ಧರ್ಮಪುರಿಯಲ್ಲಿ ತರುಣ ಥಾಮಸ್ ಮನ್ರೋ. ಹೊಲದ ಬದುವಿನ ಮೇಲೆ ನಿಂತು ನೋಡಿ: ಅಳತೆಯವರು ಒಂದೊಂದೇ ಹೊಲ ಅಳೆಯುತ್ತಿದ್ದಾರೆ, ಒಬ್ಬೊಬ್ಬ ರೈತನ ಹೆಸರಿಗೂ ಕಂದಾಯ ಬೀಳುತ್ತಿದೆ. ರೈತವಾರಿ ಪದ್ಧತಿ ಬೇರೂರಿದ್ದು ಈ ಕೆಮ್ಮಣ್ಣಿನಲ್ಲಿ. ಮನ್ರೋ ಮುಂದೆ ಮದರಾಸಿನ ಗವರ್ನರ್ ಆಗಿ ಅದನ್ನು ಪ್ರಾಂತ್ಯದ ತುಂಬ ಹರಡಿದ. ರೈತರ ಬಗ್ಗೆ ಅವನಿಗೆ ಕಾಳಜಿ ಇತ್ತೆಂದು ಹೇಳುವವರಿದ್ದಾರೆ, ಇದ್ದಿರಲೂಬಹುದು. ಆದರೆ ಕಂದಾಯದ ಹಣ ಹೋಗಿ ಸೇರಿದ್ದು ಕಂಪನಿಯ ಬೊಕ್ಕಸಕ್ಕೆ.

ಈಗ ಮತ್ತೆ ಹೀತನ ಹಿಂದೆ ಹೊರಡಿ. ಸೇಲಂ ಅದಿರು ಕಾವೇರಿಯ ದಡ ಮುಟ್ಟಿ, ಹರಿಗೋಲು ಏರಿ, ಕೊಳ್ಳಿಡಂ ಹಿಡಿದು ಕಡಲತೀರದ ಪರಂಗಿಪೇಟೆಗೆ ಇಳಿಯುತ್ತದೆ. 1830ರಲ್ಲಿ ಅಲ್ಲಿ ಅವನ ಕಾರ್ಖಾನೆ ಎದ್ದಿದೆ. ಮದರಾಸು ಪ್ರಾಂತ್ಯದಲ್ಲಿ ಯುರೋಪಿನ ಕ್ರಮದಲ್ಲಿ ಕಬ್ಬಿಣ ಮಾಡುವ ಹಕ್ಕು ಅವನೊಬ್ಬನದೇ. ಕಂಪನಿ ಸಾಲವನ್ನೂ ಕೊಟ್ಟಿದೆ. ಇದ್ದಿಲಿಗೆ ಕಾಡು ಕಡಿದಷ್ಟೂ ಸಾಲದು. ಬೀಡುಕಬ್ಬಿಣ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತದೆ. ಕಂಜಮಲೈಯವರ ಮೂಸೆಯಲ್ಲಿ ಆಗಲೇ ಉಕ್ಕು ತಯಾರಾಗುತ್ತಿತ್ತು ಎಂಬುದನ್ನು ಮರೆಯಬೇಡಿ. ಏಕಸ್ವಾಮ್ಯವನ್ನಾಗಲಿ ಸರ್ಕಾರಿ ಸಾಲವನ್ನಾಗಲಿ ಅವರಿಗೆ ಯಾರೂ ಕೊಡಲಿಲ್ಲ.

ಇವೆಲ್ಲ ಇದ್ದೂ ಹೀತನಿಗೆ ಲಾಭ ದಕ್ಕಲಿಲ್ಲ. ಉಕ್ಕಿಗೆ ಮ್ಯಾಂಗನೀಸ್ ಬೆರೆಸುವ ವಿಧಾನಕ್ಕೆ 1839ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ, ಅದರ ವ್ಯಾಜ್ಯದಲ್ಲೇ ಸವೆದು 1851ರಲ್ಲಿ ತೀರಿಕೊಂಡ. 1853ರಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಐರನ್ ಕಂಪನಿ ಸೇಲಂ ಸೀಮೆಯ ಪಾಲಂಪಟ್ಟಿಯಲ್ಲೂ ಮಲಬಾರಿನ ಬೇಪೂರಿನಲ್ಲೂ ಕುಲುಮೆ ಹೊತ್ತಿಸಿ ನೋಡಿತು. ಅದೂ ಬಾಳಲಿಲ್ಲ. ಇದ್ದಿಲು ದೂರವಾಗುತ್ತ ಹೋಯಿತು, ಕಲ್ಲಿದ್ದಲಿನ ಇಂಗ್ಲಿಷ್ ಕಬ್ಬಿಣ ಅಗ್ಗವಾಗುತ್ತ ಬಂತು. 1882ರ ಮದರಾಸು ಅರಣ್ಯ ಕಾಯ್ದೆಯ ಮೇಲಂತೂ ಹಳ್ಳಿಯ ಕುಲುಮೆಯವರಿಗೆ ಕಾಡಿನ ಇದ್ದಿಲು ಇನ್ನೂ ದುರ್ಲಭವಾಯಿತು.

ಅಷ್ಟರಲ್ಲಿ ಕಬ್ಬಿಣ ಎದುರು ದಿಕ್ಕಿನಿಂದ ಬಂದಿತ್ತು. 1862ರ ಹೊತ್ತಿಗೆ ಮದರಾಸಿನಿಂದ ಸೇಲಂ ಹಾದು ಬೇಪೂರಿನವರೆಗೆ ರೈಲು ಓಡುತ್ತಿದೆ. ಕಬ್ಬಿಣದ ಕಾರ್ಖಾನೆ ಕಂಡ ಎರಡು ಸೀಮೆಗಳನ್ನು ಜೋಡಿಸುವ ಈ ದಾರಿಯ ಕಂಬಿಗಳು ಬಂದದ್ದು ಇಂಗ್ಲೆಂಡಿನಿಂದ. ಬಂಡವಾಳ ಹಾಕಿದವರು ಅಲ್ಲಿನ ಷೇರುದಾರರು. ರೈಲು ಲಾಭ ಮಾಡಲಿ ಬಿಡಲಿ, ಅವರಿಗೆ ನೂರಕ್ಕೆ ಸುಮಾರು ಐದರಂತೆ ಬಡ್ಡಿ ಖಾತರಿ. ಕೊರತೆ ಬಿದ್ದಾಗ ತುಂಬಿಕೊಡಬೇಕಾದದ್ದು ಭಾರತದ ಬೊಕ್ಕಸ. ಅಂಥ ಖಾತರಿಯನ್ನು ಸ್ವೀಡನ್ನಿನ ರೈತನ ತಲೆಯ ಮೇಲೆ ಹೇರಲು ಲಂಡನ್ನಿಗೆ ಸಾಧ್ಯವಿರಲಿಲ್ಲ. ಧರ್ಮಪುರಿಯ ರೈತನ ಮೇಲೆ ಹೇರಬಹುದಿತ್ತು.