ಚಿತ್ರದ ಪುಟವೂ ಕೋಲಿನ ನೆರಳೂ

ಚಿತ್ರಪುಸ್ತಕವನ್ನು ಕೈಯಲ್ಲಿ ಹಿಡಿದ ಮಗು ಮೊದಲು ಓದುವುದಿಲ್ಲ, ನೋಡುತ್ತದೆ. ನೋಡಿದ್ದನ್ನು ಒಡನೆಯೇ ನಂಬುತ್ತದೆ. ಈ ನಂಬಿಕೆಯನ್ನು ಬಲ್ಲವರೇ ಮಕ್ಕಳಿಗಾಗಿ ಚಿತ್ರಗಳ ಮೂಲಕ ಲೋಕವನ್ನು ತೋರಿಸಲು ಹೊರಟರು. ಯೂರೋಪಿನಲ್ಲಿ ಕೊಮೇನಿಯಸ್ ಎಂಬ ಶಿಕ್ಷಣತಜ್ಞನು 1658ರಲ್ಲಿ ಅಂತಹ ಸಚಿತ್ರ ಪಠ್ಯವೊಂದನ್ನು ಪ್ರಕಟಿಸಿದನು. ಕನ್ನಡದಲ್ಲಿ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದು, ನಾಡಿನ ಮಕ್ಕಳ ಮುಂದೆ ವಿಶ್ವವನ್ನೇ ತೆರೆದಿಟ್ಟರು. ಆದರೆ ಎಷ್ಟೇ ಸೊಗಸಾದ ಚಿತ್ರವಾದರೂ ಒಂದು ಹೇಳಿಕೆಯೇ ಹೊರತು ಸಾಕ್ಷಿಯಲ್ಲ. ಸಾಕ್ಷಿ ಬೇಕಾದರೆ ಪುಸ್ತಕವನ್ನು ತೆರೆದಂತೆಯೇ ಇರಿಸಿ ಅಂಗಳಕ್ಕೆ ಇಳಿಯಬೇಕು.

ಇದಕ್ಕೆ ತಕ್ಕ ಕಾಲವೆಂದರೆ ರಜೆ. ಶಾಲೆಯಲ್ಲಿ ಗಂಟೆ ಬಾರಿಸಿದೊಡನೆ ಒಂದು ಪಾಠ ಮುಗಿದು ಮತ್ತೊಂದು ತೊಡಗುತ್ತದೆ. ಸೂರ್ಯನಾದರೋ ಗಂಟೆಯ ಸದ್ದಿಗೆ ಕಾಯುವವನಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಿಂದ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ನಡೆದುಬಂದಿವೆ. ಅವುಗಳಿಗೆ ಕೀರ್ತಿ ತಂದ ಮೈಕೆಲ್ ಫ್ಯಾರಡೆ ಬಾಲ್ಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿದ್ದ ಬಡ ಹುಡುಗ. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದುವುದು, ಓದಿದ್ದನ್ನು ಕೈಯಾರೆ ಮಾಡಿ ನೋಡುವುದು, ಇದೇ ಆತನ ವಿದ್ಯಾಭ್ಯಾಸವಾಗಿತ್ತು. ಮುಂದೆ ಆತನು ಒಂದು ಮೇಣದ ಬತ್ತಿಯನ್ನು ಹಚ್ಚಿಟ್ಟುಕೊಂಡು, ಅದೊಂದನ್ನೇ ಕುರಿತು ಆರು ಉಪನ್ಯಾಸಗಳನ್ನು ನೀಡಿದನು.

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿರುವ ಕೋರಮಂಡಲ್‌ನಲ್ಲಿ ರಜೆಗೆ ಇನ್ನೂ ಒಂದು ಅರ್ಥವಿದೆ. ಹಿಂದೆ ಇಲ್ಲಿಯ ಗಂಡಸರು ದುಡಿಯಲು ಭೂಮಿಯ ಒಳಗೆ ಇಳಿಯುತ್ತಿದ್ದರು. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಅನೇಕರಿಗೆ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲೇ ಗತಿಯಾಯಿತು. ನಸುಕಿನಲ್ಲಿ ಹೊರಟು ಕತ್ತಲಾದ ಮೇಲೆ ಮನೆಗೆ ಮರಳುವ ತಂದೆಗೆ ತನ್ನ ಮಗುವಿನೊಡನೆ ನಡುಹಗಲಿನ ಬಿಸಿಲಿನಲ್ಲಿ ನಿಲ್ಲುವ ಅವಕಾಶ ಹಬ್ಬದ ದಿನಗಳಲ್ಲಷ್ಟೇ ದೊರೆಯುತ್ತದೆ. ಕನ್ನಡ, ತಮಿಳು, ತೆಲುಗು ಮಾತನಾಡುವ ಕುಟುಂಬಗಳು ಒಂದೇ ಸಾಲಿನಲ್ಲಿ ಬಾಳುವ ಈ ಊರಿನಲ್ಲಿ ಡಿಸೆಂಬರ್ 25ರಂದು ಕ್ರಿಸ್‌ಮಸ್ ಬರುತ್ತದೆ. ಜನವರಿಯ ನಡುವೆ ಒಂದು ಮನೆಯಲ್ಲಿ ಸಂಕ್ರಾಂತಿ, ಪಕ್ಕದ ಮನೆಯಲ್ಲಿ ಪೊಂಗಲ್. ಈ ಎರಡು ರಜೆಗಳ ನಡುವೆ ಒಂದು ಒಳ್ಳೆಯ ವಿಜ್ಞಾನ ಪಾಠ ಅಡಗಿದೆ.

ಸಂಕ್ರಾಂತಿಯನ್ನು ಕುರಿತ ಮಕ್ಕಳ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಚಿತ್ರವಿರುತ್ತದೆ. ಕಬ್ಬಿನ ಜಲ್ಲೆ, ಎಳ್ಳುಬೆಲ್ಲದ ತಟ್ಟೆ, ಮೇಲೆ ನಗುಮುಖದ ಸೂರ್ಯ; ಕೆಳಗೆ, ಇಂದಿನಿಂದ ಸೂರ್ಯನು ಉತ್ತರದ ಕಡೆಗೆ ತಿರುಗುತ್ತಾನೆ ಎಂಬ ಮಾತು. ಆ ಮಾತನ್ನು ಪರೀಕ್ಷಿಸಲು ಬೇಕಾಗುವುದು ಒಂದು ಮೀಟರ್ ಉದ್ದದ ಬಿದಿರು ಕೋಲು, ಒಂದು ದಾರ, ಒಂದಿಷ್ಟು ಸೀಮೆಸುಣ್ಣ. ಕೋಲನ್ನು ಸಮತಟ್ಟಾದ ನೆಲದಲ್ಲಿ, ಒಂದು ಮೀಟರ್ ಪೂರ್ತಿಯಾಗಿ ನೆಲದ ಮೇಲಿರುವಂತೆ ನಿಲ್ಲಿಸಬೇಕು. ದಾರದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟರೆ ಕೋಲು ನೆಟ್ಟಗಿದೆಯೇ ವಾಲಿದೆಯೇ ಎಂಬುದು ತಿಳಿಯುತ್ತದೆ. ಹನ್ನೆರಡು ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ, ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಬೇಕು. ಅವುಗಳಲ್ಲಿ ಅತ್ಯಂತ ಗಿಡ್ಡವಾದ ನೆರಳೇ ನಿಜವಾದ ನಡುಹಗಲಿನ ನೆರಳು.

ಮೊದಲನೆಯ ಬೆರಗು ಇಲ್ಲಿಯೇ ಕಾದಿದೆ. ಗಡಿಯಾರವು ಹನ್ನೆರಡು ಹೊಡೆದಾಗ ನೆರಳು ಇನ್ನೂ ಕುಗ್ಗುತ್ತಲೇ ಇರುತ್ತದೆ! ಕ್ರಿಸ್‌ಮಸ್ ದಿನ ಕೋರಮಂಡಲ್‌ನಲ್ಲಿ ಸೂರ್ಯನ ನಡುಹಗಲು ಸುಮಾರು 12 ಗಂಟೆ 17 ನಿಮಿಷಕ್ಕೆ. ಸಂಕ್ರಾಂತಿಯಂದು ಸುಮಾರು 12 ಗಂಟೆ 26 ನಿಮಿಷಕ್ಕೆ. ನಮ್ಮ ಗಡಿಯಾರಗಳೆಲ್ಲ ಇಲ್ಲಿಂದ ಪೂರ್ವಕ್ಕಿರುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ವೇಳೆಯನ್ನು ಅನುಸರಿಸುತ್ತವೆ ಎಂಬ ಭೂಗೋಳದ ಪಾಠ ಆಗ ಯಾರೂ ಹೇಳಿಕೊಡದೆಯೇ ನೆನಪಿಗೆ ಬರುತ್ತದೆ. ಉಳಿದ ಕೆಲವು ನಿಮಿಷಗಳ ಏರುಪೇರಿಗೆ ಭೂಮಿಯ ಕಕ್ಷೆ ಹಾಗೂ ಅಕ್ಷದ ಓರೆ ಕಾರಣ.

ಎರಡನೆಯದು ಇನ್ನೂ ದೊಡ್ಡದು. ಸೂರ್ಯನು ಸಂಕ್ರಾಂತಿಯಂದೇ ಉತ್ತರಕ್ಕೆ ತಿರುಗುವುದು ನಿಜವಾದರೆ, ಅಲ್ಲಿಯವರೆಗೂ ಅವನು ದಕ್ಷಿಣಕ್ಕೆ ಸರಿಯುತ್ತಿರಬೇಕು. ನಡುಹಗಲಿನ ನೆರಳು ದಿನೇ ದಿನೇ ಉದ್ದವಾಗುತ್ತಿರಬೇಕು. ಕೋಲು ಬೇರೆಯದೇ ಮಾತನ್ನು ಹೇಳುತ್ತದೆ. ಕ್ರಿಸ್‌ಮಸ್ ದಿನ ಸುಮಾರು 74 ಸೆಂಟಿಮೀಟರ್ ಇದ್ದ ನೆರಳು ಸಂಕ್ರಾಂತಿಯ ವೇಳೆಗೆ 68 ಸೆಂಟಿಮೀಟರಿಗೆ ಇಳಿದಿರುತ್ತದೆ. ಸೂರ್ಯನು ಡಿಸೆಂಬರ್ 21 ಅಥವಾ 22ರಂದೇ ತಿರುಗಿಬಿಟ್ಟಿದ್ದಾನೆ.

ಈಗ ಮಗು ಹಿರಿಯರ ಮುಖವನ್ನು ನೋಡುತ್ತದೆ. ಅಚ್ಚಾದ ಪುಟ ಸುಳ್ಳು ಹೇಳಿತೇ? ಅಜ್ಜಿ ನಂಬಿ ಆಚರಿಸುವ ಹಬ್ಬ ತಪ್ಪೇ? ಈ ಪ್ರಶ್ನೆಯನ್ನು ಗದರಿಸಿ ಅಡಗಿಸುವುದು ಸುಲಭ. ಹಾಗೆ ಅಡಗಿಸಿದರೆ ಮಗು ಮತ್ತೆ ಕೋಲು ನೆಡಲಾರದು. 'ಹಳೆಯದೆಲ್ಲ ಬರೀ ಮೌಢ್ಯ' ಎಂದು ನಕ್ಕುಬಿಡುವುದೂ ಅಷ್ಟೇ ಸುಲಭ, ಅಷ್ಟೇ ಸೋಮಾರಿತನದ ಉತ್ತರ. ನಿಜವಾದ ಉತ್ತರಕ್ಕೆ ಒಂದು ಬುಗುರಿ ಬೇಕು. ವೇಗ ತಗ್ಗಿದ ಬುಗುರಿಯ ತಲೆ ಓಲಾಡುತ್ತಾ ಮೆಲ್ಲಗೆ ಸುತ್ತುಬರುವಂತೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಗಳಿಗೆ ಒಂದು ಸುತ್ತು ಬರುತ್ತದೆ. ಇದರಿಂದಾಗಿ ನಕ್ಷತ್ರಗಳ ಲೆಕ್ಕಕ್ಕೂ ಋತುಗಳ ಲೆಕ್ಕಕ್ಕೂ ಸುಮಾರು 72 ವರ್ಷಗಳಿಗೆ ಒಂದು ದಿನದಷ್ಟು ಅಂತರ ಬೀಳುತ್ತದೆ. ಸುಮಾರು 1700 ವರ್ಷಗಳ ಹಿಂದೆ ಸೂರ್ಯನು ಮಕರ ರಾಶಿಯನ್ನು ಹೊಗುವ ದಿನವೂ ಉತ್ತರಕ್ಕೆ ತಿರುಗುವ ದಿನವೂ ಒಂದೇ ಆಗಿದ್ದವು. ಹಬ್ಬವು ನಕ್ಷತ್ರಗಳ ಲೆಕ್ಕವನ್ನು ಹಿಡಿದು ನಡೆದಿದೆ. ನೆರಳು ಋತುವಿನ ಲೆಕ್ಕವನ್ನು ಹಿಡಿದಿದೆ. ಅಜ್ಜಿಯ ಹಬ್ಬ ಬಹಳ ಹಿಂದಿನ ಒಂದು ಆಕಾಶವನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ ಎಂದು ತಿಳಿದ ಮಗುವಿಗೆ ಹಬ್ಬದ ಮೇಲಿನ ಅಕ್ಕರೆ ಹೆಚ್ಚೀತೇ ಹೊರತು ಕಡಿಮೆಯಾಗಲಾರದು.

ಅಂಗಳದಿಂದ ಒಳಗೆ ಬಂದರೆ ಪೊಂಗಲ್ ಮಡಕೆಯಿದೆ. ಹಾಲು ಉಕ್ಕುವ ಚಿತ್ರವಿಲ್ಲದ ಪೊಂಗಲ್ ಪುಸ್ತಕವೇ ಅಪರೂಪ. ಬರಿಯ ನೀರು ಕುದಿದರೂ ಹಾಲಿನಂತೆ ಉಕ್ಕಿ ಸುರಿಯುವುದಿಲ್ಲವೇಕೆ? ದೊಡ್ಡವರು ಒಲೆಯ ಬಳಿ ನಿಂತು ಎರಡನ್ನೂ ಅಕ್ಕಪಕ್ಕದಲ್ಲಿ ಕಾಯಿಸಿ ತೋರಿಸಿದರೆ ಸಾಕು. ಹಾಲಿನ ಪ್ರೋಟೀನು ಮತ್ತು ಕೊಬ್ಬು ಸೇರಿ ಮೇಲೆ ಕೆನೆ ಕಟ್ಟುತ್ತದೆ. ಕೆಳಗಿನಿಂದ ಏಳುವ ಉಗಿಯ ಗುಳ್ಳೆಗಳು ಒಡೆಯಲಾರದೆ ನೊರೆಯಾಗಿ ಕೆನೆಯನ್ನೇ ಹೊತ್ತು ಮೇಲೇರುತ್ತವೆ. ನೀರಿನ ಗುಳ್ಳೆಗಳಿಗೆ ಆ ತಡೆಯಿಲ್ಲ.

ಕಾಗದದಲ್ಲಿರುವುದನ್ನು ಪ್ರಕೃತಿಯಲ್ಲಿ ಹುಡುಕಿ ನೋಡುವ ಕೆಲಸ ಈ ನೆಲಕ್ಕೆ ಹೊಸದಲ್ಲ. ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣವು ಇರಬೇಕೆಂದು ಪೌಲಿ ಎಂಬ ವಿಜ್ಞಾನಿ ಸೂಚಿಸಿದ್ದು 1930ರಲ್ಲಿ. ವಾಯುಮಂಡಲದಲ್ಲಿಯೂ ಅವು ಹುಟ್ಟಬೇಕೆಂದು ಲೆಕ್ಕ ಹೇಳುತ್ತಿತ್ತು, ಕಂಡವರಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದಲ್ಲಿಯೇ ವಿಶ್ವಕಿರಣಗಳನ್ನು ಅಳೆಯಲು ಈ ಗಣಿಗಳಿಗೆ ಇಳಿದಿದ್ದರು. 1965ರಲ್ಲಿ ಭಾರತ, ಜಪಾನ್ ಹಾಗೂ ಇಂಗ್ಲೆಂಡಿನ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣಗಳನ್ನಿಟ್ಟು ಆ ಕಣಗಳ ಸುಳಿವನ್ನು ಪತ್ತೆಹಚ್ಚಿದರು. ಕೋರಮಂಡಲ್‌ನ ಮಕ್ಕಳ ಅಂಗಳದಿಂದ ಆ ಗಣಿ ದೂರವೇನಲ್ಲ.

ಹಬ್ಬ ಮುಗಿದ ಮೇಲೂ ಕೋಲನ್ನು ಕೀಳದೆ ಬಿಟ್ಟವರಿಗೆ ಬೇಸಿಗೆ ರಜೆಯಲ್ಲಿ ಮತ್ತೊಂದು ಪುಟ ಸಿದ್ಧವಾಗಿರುತ್ತದೆ. ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲೆ ಇರುತ್ತಾನೆ ಎಂದು ಎಷ್ಟೋ ಚಿತ್ರಪುಸ್ತಕಗಳು ಹೇಳುತ್ತವೆ. ಕೋರಮಂಡಲ್‌ನಲ್ಲಿ ಅದು ನೇರವಾಗಿ ನಿಜವಾಗುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಆಗಸ್ಟಿನಲ್ಲಿ ಮೋಡ ಅಡ್ಡ ಬರಬಹುದು. ಏಪ್ರಿಲ್ ತಿಂಗಳಿನ ಆ ದಿನ 12 ಗಂಟೆ 15 ನಿಮಿಷದ ಹೊತ್ತಿಗೆ ಸೀಮೆಸುಣ್ಣ ಹಿಡಿದು ಕುಳಿತ ಮಗುವಿಗೆ ಗುರುತು ಹಾಕಲು ನೆರಳೇ ಸಿಕ್ಕುವುದಿಲ್ಲ.